ಎರಡು ಕ್ರೀಮ್‌ಗಳ ಪದಾರ್ಥ ಪಟ್ಟಿ ಪಕ್ಕಪಕ್ಕ ಇಟ್ಟು ಓದುವುದು ಹೇಗೆ?

ಪ್ರಶ್ನೆ: ನನ್ನದು ಒಣ ಚರ್ಮ, ಹೊಸದೇನು ಹಚ್ಚಿದರೂ ಬೇಗ ಉರಿಯುತ್ತದೆ. ಮೊಡವೆ ವಾಸಿಯಾದ ಜಾಗದಲ್ಲಿ ಕಪ್ಪು ಕಲೆಗಳು ಉಳಿದಿವೆ. ಎರಡು ಕ್ರೀಮ್‌ಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ ಎಂದು ತಿಳಿಯುತ್ತಿಲ್ಲ. ಎರಡರ ಮೇಲೂ ನಿಯಾಸಿನಮೈಡ್ (ಕಲೆ ತಿಳಿಯಾಗಲೆಂದು ಹಾಕುವ ವಿಟಮಿನ್ ಬಿ3) ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಮೊದಲನೆಯದರ ಪಟ್ಟಿ: ನೀರು, ಗ್ಲಿಸರಿನ್, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ನಿಯಾಸಿನಮೈಡ್, ಸೀಟಿಯರಿಲ್ ಆಲ್ಕೋಹಾಲ್, ಡೈಮೆಥಿಕೋನ್, ಗ್ಲಿಸರಿಲ್ ಸ್ಟಿಯರೇಟ್, ಸ್ಟಿಯರಿಕ್ ಆಸಿಡ್, ಫೀನಾಕ್ಸಿಎಥನಾಲ್, ಸೆರಮೈಡ್ ಎನ್‌ಪಿ, ಕೊಲೆಸ್ಟೆರಾಲ್, ಕ್ಸ್ಯಾಂಥನ್ ಗಮ್, ಡೈಸೋಡಿಯಂ ಇಡಿಟಿಎ.

ಎರಡನೆಯದರ ಪಟ್ಟಿ: ನೀರು, ಗ್ಲಿಸರಿನ್, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸೀಟಿಯರಿಲ್ ಆಲ್ಕೋಹಾಲ್, ಗ್ಲಿಸರಿಲ್ ಸ್ಟಿಯರೇಟ್, ಫೀನಾಕ್ಸಿಎಥನಾಲ್, ಪರ್ಫ್ಯೂಮ್, ನಿಯಾಸಿನಮೈಡ್, ಕಾರ್ಬೊಮರ್, ಗ್ರೀನ್ ಟೀ ಎಲೆಯ ಸಾರ, ಗುಲಾಬಿ ಹೂವಿನ ಸಾರ, ಕ್ಯಾಮೊಮೈಲ್ ಸಾರ, ಸೋಡಿಯಂ ಹಯಲುರೊನೇಟ್, ಲಿನಲೂಲ್, ಲಿಮೊನೀನ್, ಬಣ್ಣ.

ಮೊದಲ ಮೂರು ಹೆಸರು ಎರಡರಲ್ಲೂ ಒಂದೇ. ಹಾಗಾದರೆ ಎರಡೂ ಒಂದೇ ಕ್ರೀಮ್ ಅಲ್ಲವೇ? ಎರಡನೆಯದರಲ್ಲಿ ಸಸ್ಯಸಾರಗಳು ಇರುವುದರಿಂದ ಅದೇ ವಾಸಿಯೇ?

ಉತ್ತರ: ಒಂದೇ ಅಲ್ಲ. ನಿಮ್ಮ ಚರ್ಮಕ್ಕೆ ಮೊದಲನೆಯ ಕ್ರೀಮ್ ವಾಸಿ, ಎರಡನೆಯದನ್ನು ಬಿಟ್ಟುಬಿಡಿ. ಈ ತೀರ್ಮಾನಕ್ಕೆ ಬರಲು ಸಸ್ಯಸಾರಗಳನ್ನು ಎಣಿಸಬೇಕಾಗಿಲ್ಲ. ಫೀನಾಕ್ಸಿಎಥನಾಲ್ (ಕ್ರೀಮು ಕೆಡದಂತೆ ಹಾಕುವ ಸಂರಕ್ಷಕ) ಎಲ್ಲಿದೆ, ನಿಯಾಸಿನಮೈಡ್ ಅದಕ್ಕಿಂತ ಮೊದಲು ಬಂದಿದೆಯೋ ನಂತರವೋ, ಪರಿಮಳ ಹಾಕಿದ್ದಾರೋ ಇಲ್ಲವೋ, ಈ ಮೂರನ್ನು ನೋಡಿದರೆ ಸಾಕು. ಬೇರೆ ಯಾವ ಎರಡು ಡಬ್ಬಿಗಳನ್ನು ಹಿಡಿದರೂ ಇದೇ ದಾರಿ ನಡೆಯುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು.

ಪಟ್ಟಿ ಬರೆಯುವ ನಿಯಮ ಹೀಗಿದೆ. ಹೆಚ್ಚು ತೂಕ ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ನಂತರ. ಆದರೆ ಈ ಇಳಿಕೆಯ ಕ್ರಮ ಕಡ್ಡಾಯವಾಗಿರುವುದು ಶೇ. 1ರ ತನಕ ಮಾತ್ರ. ಅದಕ್ಕಿಂತ ಕಡಿಮೆ ಇರುವ ಪದಾರ್ಥಗಳನ್ನು ತಯಾರಕರು ತಮಗೆ ಬೇಕಾದ ಹಾಗೆ ಹಿಂದುಮುಂದು ಮಾಡಿ ಬರೆಯಬಹುದು, ಬಣ್ಣಗಳನ್ನು ಎಷ್ಟೇ ಇದ್ದರೂ ಕೊನೆಯಲ್ಲಿ ಹಾಕಬಹುದು. ಕೇಳಿದರೆ ಹಿತವೆನಿಸುವ ಹೆಸರುಗಳು ಪಟ್ಟಿಯ ಮಧ್ಯದಲ್ಲಿ ಸಾಲಾಗಿ ಕಾಣಿಸಿ, ಗೋಂದು, ಸಂರಕ್ಷಕಗಳ ಹೆಸರು ಅವುಗಳ ಹಿಂದೆ ಅಡಗಿರುವುದು ಈ ಸಡಿಲಿಕೆಯಿಂದಲೇ.

ಹಾಗಾಗಿ ಹೋಲಿಕೆಯ ಮೊದಲ ಕೆಲಸ, ಶೇ. 1ರ ಗೆರೆ ಎಲ್ಲಿ ಬರುತ್ತದೆ ಎಂದು ಹುಡುಕುವುದು. ಲೇಬಲ್ ಮೇಲೆ ಈ ಗೆರೆಯನ್ನು ಯಾರೂ ಎಳೆದಿರುವುದಿಲ್ಲ, ಆದರೆ ಗುರುತುಗಳು ಸಿಗುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ಗುರುತು ಫೀನಾಕ್ಸಿಎಥನಾಲ್. ಈ ಸಂರಕ್ಷಕವನ್ನು ಶೇ. 1ಕ್ಕಿಂತ ಹೆಚ್ಚು ಹಾಕಲು ಐರೋಪ್ಯ ಒಕ್ಕೂಟದ ನಿಯಮ ಬಿಡುವುದಿಲ್ಲ. ಅಂದಮೇಲೆ ಅದರ ನಂತರ ಬರೆದಿರುವ ಪ್ರತಿಯೊಂದೂ, ಕೊನೆಗೆ ಬರುವ ಬಣ್ಣವೊಂದನ್ನು ಬಿಟ್ಟು, ಶೇ. 1 ಅಥವಾ ಅದಕ್ಕಿಂತ ಕಡಿಮೆಯೇ. ಕ್ರೀಮನ್ನು ದಪ್ಪ ಮಾಡುವ ಕ್ಸ್ಯಾಂಥನ್ ಗಮ್, ಕಾರ್ಬೊಮರ್ ಕೂಡ ಸಾಮಾನ್ಯವಾಗಿ ಶೇ. 1 ದಾಟುವುದಿಲ್ಲ, ದಾಟಿದರೆ ಕ್ರೀಮು ಲೋಳೆಯಾಗಿ ಕೈಗೆ ಅಂಟುತ್ತದೆ. ಸಂರಕ್ಷಕಕ್ಕೆ ನೆರವಾಗುವ ಡೈಸೋಡಿಯಂ ಇಡಿಟಿಎ ಹಾಕುವುದು ಶೇ. 0.05ರಿಂದ 0.2ರ ಆಸುಪಾಸಿನಲ್ಲಿ. ಇವುಗಳಲ್ಲಿ ಯಾವುದು ಮೊದಲು ಕಾಣಿಸುತ್ತದೋ ಅಲ್ಲಿಗೆ ಪೆನ್ಸಿಲ್ ಇಟ್ಟು ಗೆರೆ ಎಳೆಯಿರಿ. ಒಂದು ಎಚ್ಚರಿಕೆ: ಗೆರೆಯ ನಂತರದ್ದು ಕಡಿಮೆ ಎನ್ನುವುದು ಖಚಿತ, ಗೆರೆಗೆ ಮೊದಲಿನದ್ದೆಲ್ಲ ಶೇ. 1ಕ್ಕಿಂತ ಹೆಚ್ಚು ಎನ್ನುವುದು ಖಚಿತವಲ್ಲ. ಫೀನಾಕ್ಸಿಎಥನಾಲನ್ನು ಬೇಕೆಂದೇ ಕೆಳಕ್ಕೆ ತಳ್ಳಿರಬಹುದು.

ಈಗ ನಿಮ್ಮ ಎರಡು ಪಟ್ಟಿಗಳಿಗೆ ಬನ್ನಿ. ಎರಡನೆಯದರಲ್ಲಿ ಫೀನಾಕ್ಸಿಎಥನಾಲ್ ಆದ ಮೇಲೆ ಪರ್ಫ್ಯೂಮ್, ಅದಾದ ಮೇಲೆ ನಿಯಾಸಿನಮೈಡ್. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ಬರೆದ ಪದಾರ್ಥ ಹೆಚ್ಚೆಂದರೆ ಶೇ. 1 ಇದೆ, ಶೇ. 0.1 ಇದ್ದರೂ ಲೇಬಲ್ ತಪ್ಪಾಗುವುದಿಲ್ಲ. ಕಲೆ ತಿಳಿಯಾಗಲು ನಿಯಾಸಿನಮೈಡ್ ಶೇ. 2ರಿಂದ 5 ಬೇಕು, ಅಧ್ಯಯನಗಳು ನಡೆದಿರುವುದೂ ಹೆಚ್ಚಾಗಿ ಈ ಪ್ರಮಾಣದಲ್ಲಿ. ಮೊದಲನೆಯದರಲ್ಲಿ ಅದು ನಾಲ್ಕನೆಯ ಸ್ಥಾನದಲ್ಲಿದೆ. ಅದರ ಹಿಂದೆ ಸೀಟಿಯರಿಲ್ ಆಲ್ಕೋಹಾಲ್, ಡೈಮೆಥಿಕೋನ್, ಗ್ಲಿಸರಿಲ್ ಸ್ಟಿಯರೇಟ್ ಇವೆ. ಕ್ರೀಮು ಕ್ರೀಮಿನ ಹಾಗೆ ಗಟ್ಟಿಯಾಗಿ ನಿಲ್ಲಬೇಕಾದರೆ ಇಂಥವು ಸಾಮಾನ್ಯವಾಗಿ ಒಂದರಿಂದ ಕೆಲವು ಶೇಕಡಾದಷ್ಟು ಬೇಕಾಗುತ್ತವೆ. ಅವುಗಳಿಗಿಂತ ಮೊದಲು ಬಂದ ನಿಯಾಸಿನಮೈಡ್ ಶೇ. 2ಕ್ಕಿಂತ ಕಡಿಮೆ ಇರುವ ಸಂಭವ ತೀರಾ ಕಡಿಮೆ. ಕಲೆಯ ಮಟ್ಟಿಗೆ ಹೋಲಿಕೆ ಇಲ್ಲಿಗೇ ಮುಗಿಯಿತು.

ಮೊದಲ ಮೂರು ಹೆಸರು ಒಂದೇ ಇದ್ದರೆ ಕ್ರೀಮೂ ಒಂದೇ ಎಂಬ ನಂಬಿಕೆ ಬಹಳ ಜನರಿಗಿದೆ, ಅದಕ್ಕೂ ಉತ್ತರ ಹೇಳಬೇಕು. ಒಂದು ಕ್ರೀಮಿನಲ್ಲಿ ನೀರು ಶೇ. 60, ಗ್ಲಿಸರಿನ್ 15, ಎಣ್ಣೆ 10 ಇರಲಿ. ಇನ್ನೊಂದರಲ್ಲಿ ನೀರು ಶೇ. 85, ಗ್ಲಿಸರಿನ್ 4, ಎಣ್ಣೆ 3 ಇರಲಿ. ಎರಡರ ಪಟ್ಟಿಯೂ ನೀರು, ಗ್ಲಿಸರಿನ್, ಎಣ್ಣೆ ಎಂದೇ ಶುರುವಾಗುತ್ತದೆ. ಒಂದು ರಾತ್ರಿ ಹಚ್ಚಿದರೆ ಬೆಳಗಿನವರೆಗೆ ತೇವ ಹಿಡಿಯುವ ದಪ್ಪ ಕ್ರೀಮು, ಇನ್ನೊಂದು ಹಚ್ಚಿದ ಸ್ವಲ್ಪ ಹೊತ್ತಿಗೇ ಚರ್ಮ ಮತ್ತೆ ಬಿಗಿಯುವ ತೆಳು ಲೋಷನ್. ಪಟ್ಟಿ ಕ್ರಮವನ್ನು ಹೇಳುತ್ತದೆ, ಅಂತರವನ್ನು ಹೇಳುವುದಿಲ್ಲ.

ಇನ್ನು ಸಸ್ಯಸಾರ. ಕ್ರೀಮು ತಯಾರಿಸುವವರು ಹೂವು, ಎಲೆಗಳನ್ನು ತಂದು ಅರೆದು ಹಾಕುವುದಿಲ್ಲ. ಗ್ಲಿಸರಿನ್, ನೀರು ಅಥವಾ ಗ್ಲೈಕಾಲ್‌ನಲ್ಲಿ ಕರಗಿಸಿಟ್ಟ ಸಾರದ ದ್ರಾವಣವನ್ನು ಕೊಂಡು ಬೆರೆಸುತ್ತಾರೆ. ಲೆಕ್ಕ ಹಾಕಿ ನೋಡಿ. ದ್ರಾವಣದಲ್ಲಿ ಗಿಡದ ಅಂಶ ಶೇ. 2 ಇದೆ ಎಂದುಕೊಳ್ಳಿ. ಆ ದ್ರಾವಣವನ್ನು ಕ್ರೀಮಿಗೆ ಶೇ. 0.5 ಹಾಕಿದರೆ ಗಿಡದ ಅಂಶ ಉಳಿಯುವುದು ಶೇ. 0.01. ಅಂದರೆ 50 ಗ್ರಾಂ ಡಬ್ಬಿಯಲ್ಲಿ 5 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತಲೂ ಬಹಳ ಕಡಿಮೆ ತೂಕ. ಗೆರೆಯ ಕೆಳಗೆ ಮೂರು ಸಾರಗಳು ಸಾಲಾಗಿ ನಿಂತಿದ್ದರೆ ಅವು ಕ್ರೀಮಿನ ಗುಣವನ್ನು ಬದಲಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅಲೋವೆರಾ ರಸ ಪಟ್ಟಿಯ ಮೊದಲ ಸ್ಥಾನದಲ್ಲಿದ್ದರೂ ಇದೇ ಎಚ್ಚರಿಕೆ ಬೇಕು. 200 ಪಟ್ಟು ಸಾಂದ್ರವಾದ ಪುಡಿ ಸಿಗುತ್ತದೆ, 99.5 ಭಾಗ ನೀರಿಗೆ ಅರ್ಧ ಭಾಗ ಪುಡಿ ಕಲಸಿದರೆ ಅದೂ ರಸವೇ ಆಗುತ್ತದೆ.

ಮುಂಭಾಗದ ಶೇಕಡಾ ಅಂಕಿಗಳಲ್ಲೂ ಇದೇ ಲೆಕ್ಕ ಅಡಗಿರುತ್ತದೆ. ತೇವ ಹಿಡಿಯಲು ಹಾಕುವ ಹಯಲುರಾನಿಕ್ ಆಮ್ಲದ ಬಗ್ಗೆ 'ಶೇ. 10 ಹಯಲುರಾನಿಕ್ ಕಾಂಪ್ಲೆಕ್ಸ್' ಎಂದಿದ್ದರೆ, ಶೇ. 1ರ ದ್ರಾವಣವನ್ನು ಶೇ. 10 ಹಾಕಿದ್ದಾರೆ ಎಂದೂ ಆಗಬಹುದು, ನಿಜವಾದ ಹಯಲುರಾನಿಕ್ ಆಗ ಶೇ. 0.1 ಮಾತ್ರ. ಇದನ್ನು ಕಣ್ಣಿನಿಂದಲೇ ಹಿಡಿಯಬಹುದು. ದೊಡ್ಡ ಅಣುಗಳ ಹಯಲುರಾನಿಕ್ ಆಮ್ಲ ನೀರಿನಲ್ಲಿ ಶೇ. 2 ಇದ್ದರೂ ಸಾಕು, ಚಮಚದಲ್ಲಿ ತೆಗೆಯುವಂಥ ಜೆಲ್ ಆಗುತ್ತದೆ. ಡ್ರಾಪರ್‌ನಿಂದ ತೊಟ್ಟಿಕ್ಕುವ ಸೀರಂನಲ್ಲಿ ಅಂಥದ್ದು ಶೇ. 10 ಇರಲು ಸಾಧ್ಯವೇ ಇಲ್ಲ. ಕಾಂಪ್ಲೆಕ್ಸ್, ಬ್ಲೆಂಡ್, ದ್ರಾವಣ ಎಂಬ ಪದ ಕಂಡರೆ ಆ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ. ಪದಾರ್ಥದ ಹೆಸರಿನ ಮುಂದೆ ನೇರವಾಗಿ ಶೇಕಡಾ ಕೊಟ್ಟಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಹಾಗಂತ ಗೆರೆಯ ಕೆಳಗಿನದ್ದೆಲ್ಲ ದಂಡ ಎಂದುಕೊಂಡರೆ ಇನ್ನೊಂದು ತಪ್ಪಾಗುತ್ತದೆ. ಎಷ್ಟೋ ಪದಾರ್ಥಗಳು ಕೆಲಸ ಮಾಡುವುದೇ ಸಣ್ಣ ಪ್ರಮಾಣದಲ್ಲಿ. ವಿಟಮಿನ್ ಎ ರೂಪವಾದ ರೆಟಿನಾಲ್ ಶೇ. 0.1ರಿಂದ 0.3 ಇದ್ದರೂ ಪರಿಣಾಮ ಕಾಣುತ್ತದೆ. ಐರೋಪ್ಯ ಒಕ್ಕೂಟವಂತೂ 2024ರ ನಿಯಮದಲ್ಲಿ ಮುಖದ ಉತ್ಪನ್ನಗಳಿಗೆ ಶೇ. 0.3, ಮೈಗೆ ಹಚ್ಚುವ ಲೋಷನ್‌ಗೆ ಶೇ. 0.05 ಎಂದು ಮೇಲಿನ ಮಿತಿ ಹಾಕಿದೆ. ಗರ್ಭಿಣಿಯರು ರೆಟಿನಾಲ್ ಇರುವುದನ್ನು ಬಳಸಬಾರದು. ಸ್ಯಾಲಿಸಿಲಿಕ್ ಆಮ್ಲ ಶೇ. 0.5ರಿಂದಲೇ ಮೊಡವೆಗೆ ಉಪಯೋಗಕ್ಕೆ ಬರುತ್ತದೆ. ಹಯಲುರೊನೇಟ್ ಶೇ. 0.1 ಇದ್ದರೂ ಕ್ರೀಮು ಮೆತ್ತಗೆ ಹರಡುತ್ತದೆ. ನಿಮ್ಮ ಮೊದಲನೆಯ ಕ್ರೀಮಿನಲ್ಲಿ ಸೆರಮೈಡ್, ಕೊಲೆಸ್ಟೆರಾಲ್ ಗೆರೆಯ ಕೆಳಗಿವೆ, ಕೊಬ್ಬಿನ ಆಮ್ಲವಾದ ಸ್ಟಿಯರಿಕ್ ಆಸಿಡ್ ಮೇಲಿದೆ. ಚರ್ಮದ ಹೊರಪದರದ ಕೋಶಗಳ ನಡುವೆ ಗಾರೆಯ ಹಾಗೆ ತುಂಬಿಕೊಂಡಿರುವುದು ಈ ಮೂರೇ ಬಗೆಯ ಕೊಬ್ಬು. ಗಾರೆ ಸಡಿಲವಾದಾಗ ಒಳಗಿನ ನೀರು ಆವಿಯಾಗುತ್ತದೆ, ಹೊರಗಿನದ್ದು ಒಳಗೆ ಇಳಿದು ಉರಿಸುತ್ತದೆ. ಬೇಗ ಉರಿಯುವ ಒಣ ಚರ್ಮದವರು ಪಟ್ಟಿಯಲ್ಲಿ ಹುಡುಕಬೇಕಾದ ಕೂಟ ಇದು. ಒಂಟಿ ಸೆರಮೈಡ್ ಹೆಸರಿಗೆ ಅಷ್ಟು ಬೆಲೆ ಕೊಡಬೇಡಿ.

ಈಗ ಪಟ್ಟಿ ಹೇಳದೆ ಬಿಡುವ ವಿಷಯಕ್ಕೆ ಬರೋಣ, ಆಮ್ಲಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎರಡು ಬಾಟಲಿಗಳ ಮೇಲೂ 'ಗ್ಲೈಕಾಲಿಕ್ ಆಮ್ಲ ಶೇ. 10' ಎಂದಿದೆ ಎಂದುಕೊಳ್ಳಿ. ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಒಂದರ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) 3.6, ಇನ್ನೊಂದರದ್ದು 4.8. ಚರ್ಮದ ಸತ್ತ ಕೋಶಗಳ ಬೆಸುಗೆ ಬಿಡಿಸುವ ಕೆಲಸ ಮುಖ್ಯವಾಗಿ ಮುಕ್ತ ರೂಪದ ಆಮ್ಲದ್ದು, ಲವಣವಾಗಿ ಬದಲಾದ ಭಾಗ ಚರ್ಮದೊಳಗೆ ಅಷ್ಟಾಗಿ ಇಳಿಯುವುದಿಲ್ಲ. ಗ್ಲೈಕಾಲಿಕ್ ಆಮ್ಲದಲ್ಲಿ ಎರಡೂ ರೂಪಗಳು ಸಮಸಮ ಇರುವುದು ಪಿಎಚ್ 3.83ರಲ್ಲಿ. ಅದಕ್ಕಿಂತ ಪಿಎಚ್ ಇಳಿದಷ್ಟೂ ಮುಕ್ತ ಭಾಗ ಹೆಚ್ಚು, ಏರಿದಷ್ಟೂ ಕಡಿಮೆ. 3.6ರಲ್ಲಿ ಸುಮಾರು ಶೇ. 63ರಷ್ಟು ಮುಕ್ತ, 4.8ರಲ್ಲಿ ಸುಮಾರು ಶೇ. 10ರಷ್ಟು. ಹಾಗಾದರೆ ಮೊದಲ ಬಾಟಲಿಯಲ್ಲಿ ಕೆಲಸಕ್ಕೆ ಸಿಗುವ ಆಮ್ಲ ಶೇ. 6.3, ಎರಡನೆಯದರಲ್ಲಿ ಶೇ. 1. ಒಂದೇ ಅಂಕಿ ಬರೆದ ಎರಡು ಬಾಟಲಿಗಳಲ್ಲಿ ಆರು ಪಟ್ಟು ವ್ಯತ್ಯಾಸ! ಪಟ್ಟಿಯಲ್ಲಿ ಇದರ ಸುಳಿವೆಂದರೆ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಟ್ರೈಎಥನಾಲಮೀನ್ ಎಂಬ ಹೆಸರು, ಪಿಎಚ್ ಏರಿಸಲು ಹಾಕುವುದು ಇವನ್ನೇ. ಆದರೆ ಎಷ್ಟು ಏರಿಸಿದ್ದಾರೆ ಎಂಬುದು ಅದರಿಂದ ತಿಳಿಯದು. ನೀರಿನಂಥ ಟೋನರ್, ಸೀರಂ ಆದರೆ ಪಿಎಚ್ ಅಳೆಯುವ ಕಾಗದವನ್ನು ಅದ್ದಿ ಬಣ್ಣ ನೋಡಬಹುದು, ಅರ್ಧ ಅಂಕದಷ್ಟು ಆಚೀಚೆ ಇದ್ದರೂ ಹೋಲಿಕೆಗೆ ಸಾಕು. ಎಣ್ಣೆ ಬೆರೆತ ಗಟ್ಟಿ ಕ್ರೀಮಿಗೆ ಆ ಕಾಗದ ಹಚ್ಚಿದರೆ ಬರುವ ಬಣ್ಣವನ್ನು ನಂಬಬೇಡಿ. ಮನೆಯಲ್ಲಿ ಬಳಸುವ ಇಂಥ ಆಮ್ಲಗಳು ಶೇ. 10 ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗಿಳಿಯಬಾರದು ಎಂಬುದು ಅಮೆರಿಕದ ಕಾಸ್ಮೆಟಿಕ್ ಇನ್‌ಗ್ರೀಡಿಯಂಟ್ ರಿವ್ಯೂ ತಜ್ಞರ ಮಂಡಳಿಯ ಅಭಿಪ್ರಾಯ. ನಿಮ್ಮ ಚರ್ಮದ ಉರಿ ಪೂರ್ತಿ ಅಡಗುವ ತನಕ ಯಾವ ಆಮ್ಲದ ತಂಟೆಗೂ ಹೋಗಬೇಡಿ.

ವಿಟಮಿನ್ ಸಿ ಕಥೆಯೂ ಇದೇ ಜಾತಿಯದು. ಆಸ್ಕಾರ್ಬಿಕ್ ಆಸಿಡ್ ಎಂದೇ ಬರೆದಿದ್ದರೆ ಪಿಎಚ್ 3.5ಕ್ಕಿಂತ ಕಡಿಮೆ ಇದ್ದಾಗ ಚೆನ್ನಾಗಿ ಒಳಗಿಳಿಯುತ್ತದೆ, ಶೇ. 20 ದಾಟಿದ ಮೇಲೆ ಲಾಭ ಹೆಚ್ಚುವುದಿಲ್ಲ. ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಆಸ್ಕಾರ್ಬಿಲ್ ಗ್ಲುಕೋಸೈಡ್ ಇವೆಲ್ಲ ಬೇರೆ ಅಣುಗಳು, ಮೃದು ಮತ್ತು ಬಾಳಿಕೆಯುಳ್ಳವು, ಆದರೆ ಅವುಗಳ ಶೇಕಡಾವನ್ನು ಆಸ್ಕಾರ್ಬಿಕ್‌ನ ಶೇಕಡಾ ಜೊತೆ ತೂಗಬಾರದು. ಇಲ್ಲಿ ಪಟ್ಟಿಗಿಂತ ಬಾಟಲಿಯನ್ನು ನೋಡಬೇಕು. ಗಾಳಿ, ಬೆಳಕು ತಾಗಿದರೆ ಆಸ್ಕಾರ್ಬಿಕ್ ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳಕು ತೂರದ ಬಾಟಲಿ, ಗಾಳಿ ಹೋಗದ ಪಂಪು ಇದ್ದರೆ ಅದನ್ನೇ ಆರಿಸಿ. ರೆಟಿನಾಲ್‌ಗೂ ಇದು ಅನ್ವಯಿಸುತ್ತದೆ. ಬಾಯಿ ಅಗಲದ ಡಬ್ಬಿಯಲ್ಲಿ ಬರುವ ರೆಟಿನಾಲ್ ಕ್ರೀಮಿನ ಪಟ್ಟಿ ಎಷ್ಟೇ ಚೆಂದವಿರಲಿ, ದಿನವೂ ಮುಚ್ಚಳ ತೆಗೆದು ಬೆರಳದ್ದುವಾಗ ಅದು ಕೆಡುತ್ತಾ ಹೋಗುತ್ತದೆ.

ಎರಡನೆಯ ಕ್ರೀಮನ್ನು ಬಿಡಿ ಎನ್ನಲು ದೊಡ್ಡ ಕಾರಣ ಪರಿಮಳ. ಪರ್ಫ್ಯೂಮ್ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರುತ್ತವೆ. ಅವುಗಳಲ್ಲಿ ಅಲರ್ಜಿ ತರಬಲ್ಲ ಕೆಲವನ್ನು ಹೆಸರಿಸಿಯೇ ಬರೆಯಬೇಕು ಎಂಬುದು ಐರೋಪ್ಯ ಒಕ್ಕೂಟದ ನಿಯಮ: ಹಚ್ಚಿ ಬಿಡುವ ಉತ್ಪನ್ನದಲ್ಲಿ ಶೇ. 0.001, ತೊಳೆದುಬಿಡುವುದರಲ್ಲಿ ಶೇ. 0.01 ದಾಟಿದರೆ ಸಾಕು. ಈ ಹೆಸರುಗಳು ಮೊದಲು 26 ಇದ್ದವು, 2023ರ ನಿಯಮದಲ್ಲಿ ಸುಮಾರು 80ಕ್ಕೆ ಏರಿವೆ. ನಿಮ್ಮ ಪಟ್ಟಿಯ ಕೊನೆಯಲ್ಲಿ ಕಾಣುವ ಲಿನಲೂಲ್, ಲಿಮೊನೀನ್ ಅಂಥವೇ. ಇವು ತಾಜಾ ಇರುವಾಗ ಅಷ್ಟೇನೂ ಕಾಡುವುದಿಲ್ಲ. ಡಬ್ಬಿ ತೆರೆದು ಗಾಳಿ ತಾಗುತ್ತಾ ಬಂದಂತೆ ಉತ್ಕರ್ಷಣಗೊಂಡು ಹುಟ್ಟುವ ಹೊಸ ಸಂಯುಕ್ತಗಳೇ ಅಲರ್ಜಿ ತರುವುದು. ಹೊಸ ಡಬ್ಬಿ ಒಗ್ಗಿತ್ತು, ತಿಂಗಳುಗಟ್ಟಲೆ ತೆರೆದಿಟ್ಟ ಅದೇ ಡಬ್ಬಿ ತುರಿಕೆ ತಂದಿತು ಎನ್ನುವವರು ಈ ಕಾರಣವನ್ನೂ ಯೋಚಿಸಬೇಕು. ಲ್ಯಾವೆಂಡರ್ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆಯಂಥ ನೈಸರ್ಗಿಕ ತೈಲಗಳಲ್ಲೂ ಇರುವುದು ಇವೇ ಅಣುಗಳು. ನೈಸರ್ಗಿಕ ಎಂದ ಮಾತ್ರಕ್ಕೆ ಚರ್ಮ ರಿಯಾಯಿತಿ ತೋರಿಸುವುದಿಲ್ಲ. ಇನ್ನೊಂದು ಮಾತು: 'ವಾಸನೆ ಇಲ್ಲ' ಎಂದು ಬರೆದದ್ದೂ 'ಪರಿಮಳ ಸೇರಿಸಿಲ್ಲ' ಎಂದು ಬರೆದದ್ದೂ ಬೇರೆ ಬೇರೆ. ಮೂಲ ಪದಾರ್ಥಗಳ ವಾಸನೆ ಮುಚ್ಚಲು ಪರಿಮಳ ಹಾಕಿ 'ವಾಸನೆ ಇಲ್ಲ' ಎನ್ನುವುದುಂಟು. ಹಾಗಾಗಿ ಮುಂಭಾಗ ಬಿಡಿ, ಪಟ್ಟಿಯ ಕೊನೆಯ ಸಾಲುಗಳನ್ನೇ ಓದಿ.

ಹೆದರಬೇಕಿಲ್ಲದ ಹೆಸರುಗಳೂ ಇವೆ. ಸೀಟಿಯರಿಲ್ ಆಲ್ಕೋಹಾಲ್‌ನಲ್ಲಿ ಆಲ್ಕೋಹಾಲ್ ಎಂಬ ಪದ ಕಂಡು ಡಬ್ಬಿ ಕೆಳಗಿಡಬೇಡಿ. ಅದು ಮೇಣದಂಥ ಕೊಬ್ಬಿನ ಪದಾರ್ಥ, ಚರ್ಮವನ್ನು ಮೆತ್ತಗೆ ಮಾಡುತ್ತದೆ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಟ್ ಎಂಬುದು, ಅದೂ ಪಟ್ಟಿಯ ಮೊದಲ ನಾಲ್ಕೈದರಲ್ಲಿ ಬಂದಿದ್ದರೆ. ಪ್ಯಾರಾಬೆನ್ ಎಂಬ ಸಂರಕ್ಷಕಗಳ ಮೇಲೆ ಬಂದಿರುವ ಅಪವಾದ ಅಲರ್ಜಿಯ ದೃಷ್ಟಿಯಿಂದ ಅನ್ಯಾಯವೇ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2019ರಲ್ಲಿ ಅವನ್ನು 'ವರ್ಷದ ಅಲರ್ಜಿಕಾರಕವಲ್ಲದ್ದು' ಎಂದೇ ಹೆಸರಿಸಿತು. ಅದೇ ಸಂಸ್ಥೆ 2013ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಬೆರಳು ತೋರಿಸಿದ್ದು ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕವನ್ನು. ಹಚ್ಚಿ ಬಿಡುವ ಉತ್ಪನ್ನಗಳಲ್ಲಿ ಅದನ್ನು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ, ತೊಳೆದುಬಿಡುವುದರಲ್ಲಿ ಶೇ. 0.0015 ಮಾತ್ರ ಬಿಟ್ಟಿದೆ. ಕ್ರೀಮು, ಲೋಷನ್‌ನಲ್ಲಿ ಈ ಹೆಸರು ಕಂಡರೆ ಪ್ರಮಾಣ ಎಷ್ಟೆಂದು ಯೋಚಿಸದೆ ಬಿಟ್ಟುಬಿಡಿ. ನೀರಿರುವ ಕ್ರೀಮಿಗೆ ಸಂರಕ್ಷಕವೇ ಬೇಡ ಎನ್ನುವ ಮಾತಿಗಂತೂ ಕಿವಿಗೊಡಬೇಡಿ, ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯಲು ನೀರು, ಎಣ್ಣೆ ಇಷ್ಟೇ ಸಾಕು.

ಪದಾರ್ಥಗಳಿಗೆ ಸೊನ್ನೆಯಿಂದ ಐದರವರೆಗೆ 'ರಂಧ್ರ ಮುಚ್ಚುವ ಅಂಕ' ಕೊಟ್ಟಿರುವ ಕೋಷ್ಟಕಗಳನ್ನು ಹೋಲಿಕೆಗೆ ತರಬೇಡಿ. ಆ ಅಂಕಗಳು ಬಹುಪಾಲು ಮೊಲದ ಕಿವಿಯ ಮೇಲೆ ಬಿಡಿ ಪದಾರ್ಥ ಹಚ್ಚಿ ಪಡೆದವು. ಆ ಪದಾರ್ಥ ಶೇ. 2 ಬೆರೆತ ಕ್ರೀಮು ಮನುಷ್ಯರ ಮುಖದಲ್ಲಿ ಏನು ಮಾಡುತ್ತದೆ ಎಂದು ಅವು ಹೇಳಲಾರವು.

ಸನ್‌ಸ್ಕ್ರೀನ್‌ಗೂ ಪಟ್ಟಿ ಹೋಲಿಕೆ ಬೇಡ. ಬಿಸಿಲು ತಡೆಯುವ ಅವೇ ಪದಾರ್ಥಗಳಿದ್ದರೂ ಚರ್ಮದ ಮೇಲೆ ಪದರ ಎಷ್ಟು ಸಮವಾಗಿ ಕೂರುತ್ತದೆ ಎಂಬುದರ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಂಕಿ) ಬದಲಾಗುತ್ತದೆ, ಅಲ್ಲಿ ಪರೀಕ್ಷಿಸಿ ಬರೆದ ಅಂಕಿಯನ್ನೇ ನಂಬಬೇಕು. ಆ ಪರೀಕ್ಷೆಯಲ್ಲಿ ಹಚ್ಚುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ, ಅದಕ್ಕಿಂತ ತೆಳುವಾಗಿ ಹಚ್ಚಿದರೆ ಬರೆದಷ್ಟು ರಕ್ಷಣೆ ಸಿಗದು. ನಿಮ್ಮ ಕಲೆಗಳಿಗೆ ಇದು ಬಹಳ ಮುಖ್ಯ, ಬಿಸಿಲಿಗೆ ಮೈಯೊಡ್ಡುತ್ತಾ ನಿಯಾಸಿನಮೈಡ್ ಹಚ್ಚುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ. ಸನ್‌ಸ್ಕ್ರೀನ್ ಪಟ್ಟಿಯಲ್ಲಿ ಹುಡುಕಬಹುದಾದ ಒಂದೇ ಹೆಸರು ಐರನ್ ಆಕ್ಸೈಡ್. ಬಣ್ಣ ಬೆರೆಸಿದ ಸನ್‌ಸ್ಕ್ರೀನ್‌ಗಳಲ್ಲಿರುವ ಇದು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಕಂದು ಚರ್ಮದ ಕಲೆಗಳು ಆ ಬೆಳಕಿಗೂ ಗಾಢವಾಗುತ್ತವೆ.

ಪಟ್ಟಿ ಓದಿ ಇದು ಬೇಡ ಎಂದು ಖಚಿತವಾಗಿ ಹೇಳಬಹುದು, ಇದು ಒಗ್ಗುತ್ತದೆ ಎಂದು ಹೇಳಲಾಗದು. ಅದನ್ನು ಚರ್ಮವೇ ಹೇಳಬೇಕು. ಆದ್ದರಿಂದ ಮೊದಲನೆಯ ಕ್ರೀಮನ್ನು ನೇರ ಮುಖಕ್ಕೆ ಹಚ್ಚಬೇಡಿ. ಮೊಣಕೈಯ ಒಳಮಡಿಕೆಯ ಹತ್ತಿರ ದೊಡ್ಡ ನಾಣ್ಯದಷ್ಟು ಜಾಗ ಗುರುತಿಸಿ, ದಿನಕ್ಕೆರಡು ಸಲ, ಏಳು ದಿನ ಅದೇ ಜಾಗಕ್ಕೆ ಹಚ್ಚಿ. ಒಂದೇ ದಿನ ಹಚ್ಚಿ ನೋಡಿದರೆ ಉರಿ ಗೊತ್ತಾಗುತ್ತದೆ, ಅಲರ್ಜಿ ಗೊತ್ತಾಗುವುದಿಲ್ಲ, ಅದು ಕಾಣಿಸಿಕೊಳ್ಳಲು ಕೆಲವೊಮ್ಮೆ ದಿನಗಳೇ ಬೇಕು. ಕೆಂಪು, ತುರಿಕೆ, ಸಣ್ಣ ಗುಳ್ಳೆ ಬಂದರೆ ನಿಲ್ಲಿಸಿ. ಏನೂ ಆಗದಿದ್ದರೆ ಮುಖಕ್ಕೆ ಮೊದಲ ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಆ ದಿನಗಳಲ್ಲಿ ಬೇರೆ ಹೊಸದೇನನ್ನೂ ಶುರು ಮಾಡಬೇಡಿ, ಉರಿದರೆ ಯಾವುದರಿಂದ ಎಂದು ತಿಳಿಯದೆ ಹೋಗುತ್ತದೆ. ಕಲೆಯಲ್ಲಿ ವ್ಯತ್ಯಾಸ ನೋಡಲು 8ರಿಂದ 12 ವಾರ ಬೇಕು. ಶೇ. 10ರ ನಿಯಾಸಿನಮೈಡ್ ಹಚ್ಚಿದರೆ ಬೇಗ ಹೋದೀತು ಎಂದು ಆತುರ ಬೇಡ, ಶೇ. 5ಕ್ಕಿಂತ ಅದರಿಂದ ಹೆಚ್ಚು ಲಾಭ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ, ನಿಮ್ಮಂಥ ಚರ್ಮದಲ್ಲಿ ಉರಿಯುವ ಸಂಭವ ಮಾತ್ರ ಹೆಚ್ಚು.

ಪರಿಮಳವಿಲ್ಲದ ಎರಡು ಮೂರು ಕ್ರೀಮ್‌ಗಳೂ ಇದೇ ರೀತಿ ಉರಿಸಿದರೆ ಪಟ್ಟಿ ಓದುವುದು ನಿಲ್ಲಿಸಿ ಚರ್ಮವೈದ್ಯರ ಹತ್ತಿರ ಪ್ಯಾಚ್ ಪರೀಕ್ಷೆ ಮಾಡಿಸಿಕೊಳ್ಳಿ. ಅನುಮಾನವಿರುವ ಪದಾರ್ಥಗಳನ್ನು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಯ ನಂತರ ತೆಗೆದು ನೋಡುತ್ತಾರೆ, 72ರಿಂದ 96 ಗಂಟೆಯ ಹೊತ್ತಿಗೆ ಮತ್ತೊಮ್ಮೆ. ಹೋಗುವಾಗ ಉರಿಸಿದ ಡಬ್ಬಿಗಳನ್ನಷ್ಟೇ ಅಲ್ಲ, ಒಗ್ಗಿದ ಡಬ್ಬಿಗಳನ್ನೂ ಒಯ್ಯಿರಿ. ಉರಿಸಿದ್ದರಲ್ಲೆಲ್ಲ ಇದ್ದು ಒಗ್ಗಿದ್ದರಲ್ಲಿ ಇಲ್ಲದ ಹೆಸರು ಯಾವುದು ಎಂದು ವೈದ್ಯರು ಮೊದಲು ಹುಡುಕುತ್ತಾರೆ. ಒಗ್ಗಿದ ಕ್ರೀಮಿನ ಪಟ್ಟಿಯ ಫೋಟೊ ತೆಗೆದು ಇಟ್ಟುಕೊಳ್ಳಿ, ಮುಂದಿನ ಡಬ್ಬಿ ಕೊಂಡಾಗ ಸಾಲು ಸಾಲಾಗಿ ತಾಳೆ ನೋಡಿ. ಹೆಸರು, ಪೆಟ್ಟಿಗೆ, ಬಣ್ಣ ಎಲ್ಲ ಹಾಗೇ ಇದ್ದು ಒಳಗಿನ ಸೂತ್ರ ಮಾತ್ರ ಬದಲಾಗಿರುವುದು ಅಪರೂಪವಲ್ಲ.